ಸಮುದ್ರವಿಲ್ಲದ ಸಾಗರ

ವಿದೇಶದಲ್ಲಿರುವ ನಮ್ಮ ಕನ್ನಡ ಸಂಘದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಯಾರಾದರೂ ಕೇಳಿಯೇ ಕೇಳುತ್ತಾರೆ, "ನಿಮ್ಮೂರು ಯಾವುದು?" ಸಾಗರ ಅನ್ನುತ್ತೇನೆ. ಮಲೆನಾಡಿನವರಾದರೆ "ಸಾಗರದಲ್ಲಿ ಎಲ್ಲಿ?" ಅಂತ ಮಾತು ಮುಂದುವರಿಯುತ್ತದೆ. ಬಯಲುಸೀಮೆಯವರಾದರೆ "ಜೋಗದ ಹತ್ರ ಅಲ್ವಾ" ಅನ್ನುತ್ತಾರೆ. ಇಲ್ಲೇ ಹುಟ್ಟಿದ ಮಕ್ಕಳು ಮಾತ್ರ ನೇರ ವಿಷಯಕ್ಕೆ ಬರುತ್ತಾರೆ: "ಆಂಟಿ, ಅಲ್ಲಿ ಬೀಚ್ ಇದ್ಯಾ?"

ಇಲ್ಲ ಮಗು. ಸಾಗರದಲ್ಲಿ ಸಮುದ್ರ ಇಲ್ಲ. ಒಂದು ಕೆರೆ ಇದೆ.

ಸಂಘದ ಸುದ್ದಿಪತ್ರದ ಈ ಸಂಚಿಕೆಗೆ "ನಮ್ಮೂರು" ಅನ್ನೋ ವಿಷಯ ಕೊಟ್ಟು ಬರಹ ಕೇಳಿದ್ದೆವು. ಒಂಬತ್ತು ಬಂದವು. ಐದು ಬೆಂಗಳೂರಿನ ಬಗ್ಗೆ, ಅದರಲ್ಲೂ ಮೂರು ಮಲ್ಲೇಶ್ವರದ ದೋಸೆಯ ಬಗ್ಗೆ. ಮೂರು ಮೈಸೂರು, ಒಂದು ಧಾರವಾಡ. ಎಲ್ಲವೂ ಚೆನ್ನಾಗಿವೆ, ಒಳಪುಟಗಳಲ್ಲಿ ಓದಿ. ಆದರೆ ನನಗೆ ಸದಸ್ಯರ ಪಟ್ಟಿ ಗೊತ್ತಲ್ಲ! ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಾಲ್ಲೂಕು ಕೇಂದ್ರಗಳವರು. ವಿದೇಶಕ್ಕೆ ಬಂದ ಮೇಲೆ ಹೊರಗಿನವರಿಗೆ ಅರ್ಥವಾಗಲಿ ಅಂತ "ಬೆಂಗಳೂರು" ಎಂದು ಹೇಳಿ ಹೇಳಿ ನಮಗೇ ಅದು ರೂಢಿಯಾಗಿದೆ. ಹಾಗಾಗಿ ಸಂಪಾದಕೀಯದ ಜಾಗದಲ್ಲಿ ಈ ಸಲ ನಮ್ಮೂರನ್ನೇ ಕೂರಿಸಿದ್ದೇನೆ. ಸಂಪಾದಕಿಗೆ ಅಷ್ಟಾದರೂ ಸ್ವಾತಂತ್ರ್ಯ ಬೇಡವೇ?

ಕೆರೆಯಿಂದ ಶುರು ಮಾಡುತ್ತೇನೆ. ಊರಿಗೆ ಹೆಸರು ಬಂದದ್ದೇ ಅದರಿಂದ. ಹದಿನಾರನೇ ಶತಮಾನದಲ್ಲಿ ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಕೆರೆ, ಅದಕ್ಕೇ ಸದಾಶಿವ ಸಾಗರ ಅಂತ ನಮ್ಮ ಕಡೆ ಹೇಳುತ್ತಾರೆ. ಜನರ ಬಾಯಲ್ಲಿ ಸದಾಶಿವ ಉದುರಿಹೋದ, ಸಾಗರ ಉಳಿಯಿತು. ಕೆರೆಯನ್ನು ಈಗ ಗಣಪತಿ ಕೆರೆ ಅನ್ನುತ್ತಾರೆ. ಅಲ್ಲಿಗೆ ಕೆರೆಯ ಹೆಸರು ಊರಿನದಾಯಿತು, ಕೆರೆಗೆ ಬೇರೆ ಹೆಸರು ಬಂತು.

ಆಗ ಸಾಗರ ದೊಡ್ಡ ಊರೇನಲ್ಲ. ಉತ್ತರಕ್ಕೆ ಕೆಳದಿ, ದಕ್ಷಿಣಕ್ಕೆ ಇಕ್ಕೇರಿ. ನಾಯಕರ ಮೊದಲ ರಾಜಧಾನಿ ಅದು, ಎರಡನೇ ರಾಜಧಾನಿ ಇದು. ನಡುವೆ ಸಿಕ್ಕಿಕೊಂಡದ್ದು ನಮ್ಮೂರು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ವೆಂಕಟಪ್ಪ ನಾಯಕನ ಕಾಲ. ಆ ಪ್ರಯಾಣದ ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ಮಕ್ಕಳು ಲೆಕ್ಕ ಕಲಿಯುವುದನ್ನು ನಿಂತು ನೋಡಿ ಬರೆದಿಟ್ಟ. ನೆಲದ ಮೇಲೆ ಸಣ್ಣ ಮರಳು ಹರವಿ, ಬೆರಳಿನಲ್ಲಿ ಬರೆದು, ಬರೆದದ್ದನ್ನು ರಾಗವಾಗಿ ಹೇಳಿ, ಮರಳು ಸರಿಮಾಡಿ ಮತ್ತೆ ಬರೆಯುತ್ತಿದ್ದರಂತೆ. ನಮ್ಮ ಭಾನುವಾರದ ಕನ್ನಡ ಶಾಲೆಯವರು ಗಮನಿಸಿ. ಪ್ರಿಂಟರ್ ಕೆಟ್ಟಿದೆ ಅಂತ ಕಳೆದ ತಿಂಗಳು ತರಗತಿ ರದ್ದು ಮಾಡಿದ್ದೆವು!

ಇಕ್ಕೇರಿಗೆ ಈಗ ಹೋದರೆ ಅಘೋರೇಶ್ವರ ದೇವಸ್ಥಾನ, ಸುತ್ತ ಒಂದಷ್ಟು ಮನೆ, ಆಮೇಲೆ ತೋಟ. ರಾಜಧಾನಿ ಎಲ್ಲಿತ್ತು ಅಂತ ಹುಡುಕಬೇಕು. ದೇವಸ್ಥಾನದ ಒಳಗೆ ಹೋದವರು ಕಂಬ, ಚಾವಣಿ ನೋಡುತ್ತಾರೆ. ನೀವು ನೆಲ ನೋಡಿ. ಸಾಷ್ಟಾಂಗ ಬಿದ್ದ ಮೂವರು ನಾಯಕರನ್ನು ಕಲ್ಲಿನಲ್ಲಿ ಕೊರೆದಿದ್ದಾರೆ, ಮೇಲೆ ಹೆಸರು ಬೇರೆ. ಅವರಲ್ಲೊಬ್ಬ ಹುಚ್ಚ ಸೋಮಶೇಖರ. ಅವನ ಕೈಕಾಲಿಗೆ ಬೇಡಿ. ಹುಚ್ಚು ಹಿಡಿದ ದೊರೆಯನ್ನು ಬೇಡಿ ಸಮೇತ ದೇವರ ಮುಂದೆ ಮಲಗಿಸಿದ ಶಿಲ್ಪಿಗೆ ಎಷ್ಟು ಧೈರ್ಯ ಇರಬೇಕು! ಚಿಕ್ಕವಳಿದ್ದಾಗ ಅದನ್ನು ತುಳಿಯದೆ ಹಾರಿ ದಾಟುತ್ತಿದ್ದೆ. ಗೌರವಕ್ಕಲ್ಲ, ಎದ್ದು ಕಾಲು ಹಿಡಿದಾನು ಅನ್ನೋ ಹೆದರಿಕೆಗೆ.

ರಾಜಧಾನಿ ಬಿದನೂರಿಗೆ ಹೋಯಿತು, 1763ರಲ್ಲಿ ಹೈದರಾಲಿ ಅದನ್ನೂ ತೆಗೆದುಕೊಂಡ. ಇಕ್ಕೇರಿ, ಕೆಳದಿ ಎರಡೂ ಹಳ್ಳಿಗಳಾದವು. ನಡುವಿನ ಸಾಗರ ಪೇಟೆಯಾಯಿತು. ರಾಜರನ್ನು ನಂಬಿದ ಊರುಗಳು ರಾಜರ ಜೊತೆ ಹೋದವು, ಅಡಿಕೆ ನಂಬಿದ ಊರು ಉಳಿಯಿತು ಅನ್ನುವುದು ನನ್ನ ಲೆಕ್ಕಾಚಾರ. ಇತಿಹಾಸ ಓದಿದವರು ಬೇರೆ ಹೇಳಬಹುದು.

ಅಡಿಕೆ ಅಂದರೆ ಬರೀ ಬೆಳೆಯಲ್ಲ. ನಮ್ಮ ಕಡೆ ಅದೇ ಕ್ಯಾಲೆಂಡರು, ಅದೇ ಬ್ಯಾಂಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಸಬೇಕು. ಮಳೆ ಹೋದ ಮೇಲೆ ಅಡಿಕೆ ಗೊನೆ ಕೊಯ್ಯುವ ಕೊನೆಗಾರ ಬರುತ್ತಾನೆ. ಒಂದು ಮರ ಹತ್ತಿದವನು ಇಳಿಯದೆ, ಮರವನ್ನು ಬಗ್ಗಿಸಿ ಪಕ್ಕದ ಮರಕ್ಕೆ ದಾಟಿಕೊಳ್ಳುತ್ತಾನೆ. ಕೆಳಗೆ ನಿಂತ ನಮಗೆ ಎದೆ ಧಸಕ್ ಅನ್ನುತ್ತದೆ, ಅವನು ಮೇಲೆ ಎಲೆ ಜಗಿಯುತ್ತ ಕತೆ ಹೇಳುತ್ತಿರುತ್ತಾನೆ. ರಾತ್ರಿ ಅಂಗಳದ ಚಪ್ಪರದ ಕೆಳಗೆ ಮೆಟ್ಟುಗತ್ತಿ ಹಾಕಿಕೊಂಡು ಊರ ಹೆಂಗಸರು ಸಾಲಾಗಿ ಕೂತು ಸುಲಿಯುತ್ತಿದ್ದರು. ಆ ಕೈಗಳನ್ನು ಕಣ್ಣಲ್ಲಿ ಹಿಂಬಾಲಿಸೋಕೆ ಆಗುತ್ತಿರಲಿಲ್ಲ. ಪಕ್ಕದಲ್ಲಿ ಹಂಡೆಯಲ್ಲಿ ಅಡಿಕೆ ಬೇಯುತ್ತಿದ್ದರೆ ಚೊಗರಿನ ಒಗರು ವಾಸನೆ. ಶಾಲೆಗೆ ಹೋದರೂ ಅದು ಲಂಗಕ್ಕೆ ಅಂಟಿಕೊಂಡೇ ಬರುತ್ತಿತ್ತು. ರಾಶಿ ಇಡಿ, ಬೆಟ್ಟೆ, ಗೊರಬಲು, ಸರಕು ಅಂತ ದರ್ಜೆಗಳನ್ನು ಬೇರೆ ಮಾಡಿ, ಚೀಲ ಹೊಲಿದು, ಪೇಟೆಗೆ. ದರ ಬಂದರೆ ಮದುವೆ, ದರ ಬಿದ್ದರೆ "ಮುಂದಿನ ವರ್ಷ ನೋಡೋಣ".

ದಲ್ಲಾಳಿಗಳ ಕೈಯಿಂದ ಬೆಳೆಗಾರರನ್ನು ಸ್ವಲ್ಪವಾದರೂ ಬಿಡಿಸಿದ್ದು ಸಹಕಾರ ಸಂಘಗಳು. ಮಲೆನಾಡಿನ ಅಡಿಕೆ ಬೆಳೆಗಾರರ ಮಾಮ್‌ಕೋಸ್ ಶುರುವಾದದ್ದು 1939ರಲ್ಲಿ.

ಹಾಗಂತ ಸಾಗರ ಅಡಿಕೆಯವರದು ಮಾತ್ರ ಅಂದುಕೊಂಡರೆ ತಪ್ಪು. ಗುಡಿಗಾರರು ಇದ್ದಾರೆ. ಗಂಧದ ತುಂಡಿನಲ್ಲಿ ಬೆರಳುದ್ದದ ಗಣಪತಿಯನ್ನು ಕೆತ್ತುವ ಕೈಗಳೇ ಮದುವೆ ಕಾಲ ಬಂದರೆ ಬೆಂಡಿನ ಬಾಸಿಂಗ ಮಾಡುತ್ತವೆ. ನಮ್ಮಲ್ಲಿ ಎಷ್ಟೋ ಮನೆಗಳ ಷೋಕೇಸಿನಲ್ಲಿರುವ ಗಂಧದ ಆನೆ ಅಲ್ಲಿಂದಲೇ ಬಂದಿರಬಹುದು, ತಿರುಗಿಸಿ ನೋಡಿ.

ಇನ್ನು ಗದ್ದೆಯವರು. ಗದ್ದೆ ಉಳುವವರಿಗೆ ಅದರ ಒಡೆತನ ಇರಲಿಲ್ಲ. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. ಹೆಚ್ಚಿನವರು ದೀವರ ಸಮುದಾಯದವರು. ಜಗಳ ಹೊತ್ತಿಕೊಂಡದ್ದು ಒಂದು ಕೊಳಗದಿಂದ. ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ಸರ್ಕಾರ ಹೇಳಿದ್ದಕ್ಕಿಂತ ದೊಡ್ಡದು ಅನ್ನುವುದು ರೈತರ ತಕರಾರು. ಎಚ್. ಗಣಪತಿಯಪ್ಪ ಸಂಘಟನೆ ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೇ ಭೂಮಿ ಅನ್ನುವ ಕಾನೂನು ಜಾರಿಗೆ ಬರಲು 1974ರ ತನಕ ಕಾಯಬೇಕಾಯಿತು. ಆದರೆ ಆ ಮಾತನ್ನು ಗಟ್ಟಿಯಾಗಿ ಆಡಿದ್ದು ಇಲ್ಲಿ. ತೋಟದ ಮನೆಯಲ್ಲಿ ಬೆಳೆದ ನನಗೆ ಈ ಕತೆಯನ್ನು ಮನೆಯಲ್ಲಿ ಯಾರೂ ಹೇಳಲಿಲ್ಲ, ಕಾಲೇಜಿಗೆ ಹೋದ ಮೇಲೆ ಗೊತ್ತಾಯಿತು. ಯಾಕೆ ಹೇಳಲಿಲ್ಲ ಅನ್ನುವುದೂ ಆಗಲೇ ಗೊತ್ತಾಯಿತು.

ಈಗ ನೀರಿಗೆ ಬರುತ್ತೇನೆ.

ಸಾಗರದ ಸುತ್ತ ಬಿದ್ದ ಮಳೆ ಎರಡು ಸಮುದ್ರ ಸೇರುತ್ತದೆ. ಇಕ್ಕೇರಿ ಹತ್ತಿರದ ವರದಾಮೂಲದಲ್ಲಿ ಹುಟ್ಟುವ ವರದಾ ನದಿ ಹಾವೇರಿ ಕಡೆ ಹೋಗಿ ತುಂಗಭದ್ರೆ ಸೇರುತ್ತದೆ, ಕೊನೆಗೆ ಬಂಗಾಳ ಕೊಲ್ಲಿ. ಇತ್ತ ಶರಾವತಿಗೆ ಬಿದ್ದದ್ದು ಜೋಗದಲ್ಲಿ 253 ಮೀಟರ್ ಧುಮುಕಿ ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಆ ಧುಮುಕುವ ನೀರಿನ ಮೇಲೆ ಮೈಸೂರು ಸರ್ಕಾರದ ಕಣ್ಣು ಬಿತ್ತು. ಹಿರೇಭಾಸ್ಕರದಲ್ಲಿ ಅಣೆಕಟ್ಟು ಕಟ್ಟಿದರು, 1948ರಲ್ಲಿ ಜೋಗದ ವಿದ್ಯುತ್ ಕೇಂದ್ರ ಶುರುವಾಯಿತು. ಅದು ಸಾಲದು ಅಂತ 1964ರಲ್ಲಿ ಲಿಂಗನಮಕ್ಕಿ ಬಂತು. ಸಮುದ್ರಮಟ್ಟದಿಂದ 1,819 ಅಡಿ ಎತ್ತರದವರೆಗೆ ನೀರು ನಿಲ್ಲುವ ಅಣೆಕಟ್ಟು. ಹಳೆ ಅಣೆಕಟ್ಟು ಹೊಸದರ ಹಿನ್ನೀರಿನಲ್ಲಿ ಮುಳುಗಿಹೋಯಿತು. ಮಳೆ ಕಮ್ಮಿಯಾದ ವರ್ಷ ಬೇಸಿಗೆಯಲ್ಲಿ ಅದು ಎದ್ದು ಕಾಣುತ್ತದೆ, ಹೆಚ್ಚಾದ ನೀರು ಹೊರಬಿಡುತ್ತಿದ್ದ ಸೈಫನ್‌ಗಳು ಹಾಗೇ ಇವೆ. ಜನ ಬುತ್ತಿ ಕಟ್ಟಿಕೊಂಡು ನೋಡೋಕೆ ಹೋಗುತ್ತಾರೆ.

ಅಣೆಕಟ್ಟೇ ಮುಳುಗಿದ ಮೇಲೆ ಮನೆಗಳ ಮಾತೇನು! ನಮ್ಮ ಕಡೆ ಇದನ್ನು "ಮುಳುಗಡೆ" ಅಂತಷ್ಟೇ ಅನ್ನುತ್ತಾರೆ. ವರ್ಷ ಹೇಳುವುದೂ ಹಾಗೆಯೇ: "ಅದು ಮುಳುಗಡೆಗೆ ಮುಂಚೆ", "ಅವನು ಮುಳುಗಡೆ ಆದ ಮೇಲೆ ಹುಟ್ಟಿದವನು". ಹೊಳೆಯ ಎರಡೂ ದಡದ ಊರುಗಳು, ಗದ್ದೆ, ತೋಟ, ಗುಡಿ ನೀರಿನಡಿಗೆ ಹೋದವು. ನನ್ನ ಅಜ್ಜಿಯ ತವರುಮನೆ ಅದರಲ್ಲೊಂದು. ಹೆಂಚು ಇಳಿಸಿ, ತೊಲೆ ಬಿಚ್ಚಿ, ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಲಾರಿಗೆ ಹಾಕಿದರಂತೆ. ಬಾವಿಕಟ್ಟೆಯ ಹತ್ತಿರದ ಹಲಸಿನ ಮರವನ್ನು ಏನು ಮಾಡೋದು? ಕಡಿಯಲು ಮನಸ್ಸು ಬರದೆ ಬಿಟ್ಟು ಬಂದರಂತೆ. ನೀರು ಏರುವಾಗ ಅದರ ನೆತ್ತಿ ಎಷ್ಟೋ ದಿನ ಕಾಣುತ್ತಿತ್ತು ಅನ್ನುತ್ತಿದ್ದಳು ಅಜ್ಜಿ.

ಹೀಗೆ ಎದ್ದು ಬಂದವರು ಸಾಗರ, ಸೊರಬ, ಹೊಸನಗರ, ಶಿವಮೊಗ್ಗ ಅಂತ ಚದುರಿದರು. ಕಾಡು ಕಡಿದು ಗದ್ದೆ ಮಾಡಿಕೊಂಡವರು ಎಷ್ಟೋ ಜನ. ಆ ಜಾಗ ಇನ್ನೂ ಅರಣ್ಯದ ಲೆಕ್ಕದಲ್ಲಿದೆ ಅಂತ ಹಕ್ಕುಪತ್ರಕ್ಕೆ ಅವರ ಮೊಮ್ಮಕ್ಕಳು ಇವತ್ತಿಗೂ ಅಲೆಯುತ್ತಿದ್ದಾರೆ. ಮುಳುಗಡೆಯಿಂದ ಎದ್ದ ಒಂದಷ್ಟು ಜನ ಪೇಟೆಗೂ ಬಂದು ಅಂಗಡಿ ಇಟ್ಟರು, ಹೋಟೆಲ್ ಇಟ್ಟರು. ಸಾಗರ ಬೆಳೆದ ಬಗೆಯಲ್ಲಿ ಇದೂ ಒಂದು.

ಅಜ್ಜಿ ಒಮ್ಮೆ ಬೆಂಗಳೂರಿನ ಮಾವನ ಮನೆಗೆ ಹೋಗಿದ್ದಾಗ ರೂಮಿಂದ ರೂಮಿಗೆ ಹೋಗಿ ಲೈಟು ಆರಿಸುತ್ತಿದ್ದಳು. "ಇರಲಿ ಬಿಡೇ ಅಮ್ಮ" ಅಂದದ್ದಕ್ಕೆ, "ನಮ್ಮನೆ ಗದ್ದೆ ಮೇಲಿನ ನೀರು ಕಣೋ ಇದು, ಸುಮ್ನೆ ಯಾಕೆ ಉರಿಸ್ತೀರಿ?" ಅಂದಳಂತೆ. ಅವಳ ಹೊಸ ಮನೆಗೆ ಕರೆಂಟು ಬಂದದ್ದು ಮುಳುಗಡೆಯಾಗಿ ಎಷ್ಟೋ ವರ್ಷದ ಮೇಲೆ. ಅಲ್ಲಿವರೆಗೆ ಬುಡ್ಡಿ ದೀಪ.

ನಮ್ಮ ಸಮಾರಂಭಗಳಲ್ಲಿ ಕೆಲವರು ಭಾಷಣ ಮಾಡುತ್ತ "ನಾವೂ ಬೇರು ಕಿತ್ತು ಬಂದವರು" ಅನ್ನುತ್ತಾರೆ. ನನಗೆ ಆ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ನಾವು ವೀಸಾ ಸ್ಟಾಂಪ್ ಹಾಕಿಸಿಕೊಂಡು, ಉಪ್ಪಿನಕಾಯಿ ಪ್ಯಾಕ್ ಮಾಡಿಕೊಂಡು, ವಿಮಾನ ನಿಲ್ದಾಣದಲ್ಲಿ ಫೋಟೋ ತೆಗೆಸಿಕೊಂಡು ಬಂದವರು. ನಮ್ಮ ತವರುಮನೆ ಇದ್ದಲ್ಲೇ ಇದೆ, ಟಿಕೆಟ್ ದುಬಾರಿ ಅಷ್ಟೇ.

ತವರುಮನೆ ಅಂದಾಗ ಮಾರಿಕಾಂಬೆ ನೆನಪಾದಳು. ಸಾಗರದಲ್ಲಿ ದೇವಿಗೆ ತವರುಮನೆ ಬೇರೆ, ಗಂಡನ ಮನೆ ಬೇರೆ, ಎರಡು ದೇವಸ್ಥಾನ. ಮೂರು ವರ್ಷಕ್ಕೊಮ್ಮೆ ಜಾತ್ರೆ. ಮೊದಲು ತವರುಮನೆಯಲ್ಲಿ ಪೂಜೆ ಮಾಡಿಸಿಕೊಂಡು ಆಮೇಲೆ ಗಂಡನ ಮನೆಗೆ ಹೋಗುತ್ತಾಳೆ. ಊರಿನ ಹೆಣ್ಣುಮಕ್ಕಳೆಲ್ಲ ಆಗ ಬಂದೇ ಬರುತ್ತಾರೆ. ನನ್ನ ರಜೆ ಮತ್ತು ಅವಳ ಜಾತ್ರೆ ಕೂಡಿ ಬಂದದ್ದು ಇಪ್ಪತ್ತು ವರ್ಷದಲ್ಲಿ ಎರಡು ಸಲ.

ಹೆಗ್ಗೋಡಿನ ನೀನಾಸಂ ಬಗ್ಗೆ ನಾನು ಬರೆಯಬೇಕಾಗಿಲ್ಲ. 1949ರಲ್ಲಿ ಹಳ್ಳಿಯ ನಾಟಕದ ಸಂಘವಾಗಿ ಶುರುವಾಗಿ, ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಬಂದ ಕತೆ ಎಲ್ಲರಿಗೂ ಗೊತ್ತು. ಒಂದೇ ಮಾತು ಸೇರಿಸುತ್ತೇನೆ. ಹಗಲು ಅಡಿಕೆ ಸುಲಿದವರು ರಾತ್ರಿ ಕಂಬಳಿ ಹೊದ್ದು ಶೇಕ್ಸ್‌ಪಿಯರ್ ನೋಡಿ, ಮನೆಗೆ ನಡೆದು ಹೋಗುವಾಗ "ಎರಡನೇ ಅಂಕ ಸ್ವಲ್ಪ ಎಳೆದರು" ಅನ್ನುವುದನ್ನು ನಾನೇ ಕೇಳಿದ್ದೇನೆ.

ರೈಲಿನ ಕತೆ ಚಿಕ್ಕದು. ಶಿವಮೊಗ್ಗದಿಂದ ಬಂದ ಹಳಿ ಸಾಗರ ದಾಟಿ ತಾಳಗುಪ್ಪದಲ್ಲಿ ನಿಲ್ಲುತ್ತದೆ. ಮುಂದೆ ಹೊನ್ನಾವರಕ್ಕೆ ಒಯ್ಯಿರಿ ಅನ್ನುವ ಬೇಡಿಕೆ ನನಗಿಂತ ಹಳೆಯದು. ಮೀಟರ್ ಗೇಜ್ ಇದ್ದಾಗ ಕೊನೆಕೊನೆಗೆ ರೈಲ್‌ಬಸ್ ಓಡುತ್ತಿತ್ತು. ಹಳಿ ಮೇಲೆ ಇಟ್ಟ ಬಸ್ಸು, ಅಷ್ಟೇ. ಯಾರೋ ಓಡಿ ಬರುತ್ತಿದ್ದಾರೆ ಅಂತ ನಿಲ್ಲಿಸಿದ್ದನ್ನೂ ನೋಡಿದ್ದೇನೆ. ಈಗ ಬ್ರಾಡ್‌ಗೇಜ್. ರಾತ್ರಿ ಬೆಂಗಳೂರಲ್ಲಿ ಹತ್ತಿ ಮಲಗಿದರೆ ಬೆಳಿಗ್ಗೆ ಸಾಗರ.

ಕಳೆದ ವರ್ಷದ ದೊಡ್ಡ ಸುದ್ದಿ ಸಿಗಂದೂರಿನ ಸೇತುವೆ. 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ, ಎರಡು ಕಿಲೋಮೀಟರಿಗಿಂತ ಜಾಸ್ತಿ ಉದ್ದದ ಕೇಬಲ್ ಸೇತುವೆ. ಹೊರಗಿನವರಿಗೆ ಅದು ದೇವಸ್ಥಾನಕ್ಕೆ ಹೋಗುವ ದಾರಿ, ರೀಲ್ಸ್ ಮಾಡುವ ಜಾಗ. ಆಚೆ ದಡದ ತುಮರಿ ಕಡೆಯವರಿಗೆ ಹಾಗಲ್ಲ. ಮುಳುಗಡೆಯಲ್ಲಿ ದಾರಿ ಕಳೆದುಕೊಂಡು ದ್ವೀಪದ ಹಾಗಾಗಿದ್ದ ಊರುಗಳವು. ಸುತ್ತು ದಾರಿ ಬೇಡ ಅಂದರೆ ಲಾಂಚಿಗೆ ಕಾಯಬೇಕು. ಸಂಜೆಯ ಕೊನೆ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಏನು ಮಾಡೋದು ಅನ್ನುವ ದಿಗಿಲಿನಲ್ಲೇ ಅರವತ್ತು ವರ್ಷ ಕಳೆದರು. ನನ್ನ ಅತ್ತಿಗೆಯ ತಂಗಿ ಆ ದಡದವಳು. ಸೇತುವೆ ಮೇಲಿಂದ ವಿಡಿಯೋ ಕಾಲ್ ಮಾಡಿದಳು. ಗಾಳಿಗೆ ಏನೂ ಕೇಳಿಸಲಿಲ್ಲ, ಎರಡು ನಿಮಿಷ ನಗುತ್ತಲೇ ಇದ್ದಳು. ನಮ್ಮಂಥವರು "ಅಯ್ಯೋ, ಲಾಂಚಿನ ಮಜಾ ಹೋಯ್ತಲ್ಲ" ಅಂತ ವಾಟ್ಸಾಪಿನಲ್ಲಿ ಹಾಕಿದಾಗ ಅವಳೇ ಉತ್ತರ ಕೊಟ್ಟಳು: "ಮಜಾ ನಿಮಗೆ ಅಕ್ಕಾ, ಪಾಳಿ ನಮಗೆ."

2011ರ ಜನಗಣತಿಯಲ್ಲಿ ಸಾಗರದ ಜನಸಂಖ್ಯೆ 54 ಸಾವಿರದ ಆಸುಪಾಸು. ಈಗ ಜಾಸ್ತಿಯೇ ಇದ್ದೀತು. ಬಡಾವಣೆಗಳು ತೋಟದ ಅಂಚಿಗೆ ಬಂದಿವೆ. ಅಡಿಕೆ ಸುಲಿಯುವ ಯಂತ್ರ ಬಂದಿದೆ, ಮೆಟ್ಟುಗತ್ತಿ ಅಟ್ಟ ಸೇರಿದೆ. ಕೊನೆಗಾರ ಸಿಗುವುದು ಕಷ್ಟ, ನೆಲದಲ್ಲಿ ನಿಂತೇ ಉದ್ದನೆಯ ದೋಟಿಯಲ್ಲಿ ಕೊನೆ ಇಳಿಸುತ್ತಾರೆ. ಎಲೆಚುಕ್ಕಿ ರೋಗ ಬಂದು ತೋಟಗಳು ಹಳದಿಯಾಗುತ್ತಿವೆ ಅನ್ನುವುದು ಪ್ರತಿ ಫೋನಿನಲ್ಲೂ ಇರುವ ಮಾತು. ದೊಡ್ಡ ಮನೆಗಳಲ್ಲಿ ಇಬ್ಬಿಬ್ಬರೇ ವಯಸ್ಸಾದವರು. ಮಕ್ಕಳು ಎಲ್ಲಿದ್ದಾರೆ ಅಂತ ಕೇಳಬೇಡಿ, ಈ ಸುದ್ದಿಪತ್ರ ಓದುತ್ತಿದ್ದಾರೆ.

ಊರಿನ ನಡುವೆ ಬಿ.ಎಚ್. ರಸ್ತೆ ಇದೆ. ಬೆಂಗಳೂರು–ಹೊನ್ನಾವರ ರಸ್ತೆ. ಅದು ನಮ್ಮೂರಿನದೇ ಅಂತ ಎಷ್ಟೋ ವರ್ಷ ತಿಳಿದಿದ್ದೆ. ಆಮೇಲೆ ನೋಡಿದರೆ ತುಮಕೂರಲ್ಲೂ ಬಿ.ಎಚ್. ರಸ್ತೆ, ತಿಪಟೂರಲ್ಲೂ ಅದೇ, ತರೀಕೆರೆ, ಭದ್ರಾವತಿ, ಶಿವಮೊಗ್ಗದಲ್ಲೂ ಅದೇ! ಈ ಊರುಗಳವರೆಲ್ಲ ನಮ್ಮ ಸಂಘದಲ್ಲಿದ್ದೀರಿ, ಪಟ್ಟಿ ನನ್ನ ಮುಂದಿದೆ. ನಿಮ್ಮೂರಿನ ಬಿ.ಎಚ್. ರಸ್ತೆಯಲ್ಲಿ ಏನಿತ್ತು, ಈಗ ಏನಿದೆ ಅಂತ ಎರಡು ಪುಟ ಬರೆದು ಕಳಿಸಿ. ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಗೆ ಹಾಕುತ್ತೇನೆ. ಬರದಿದ್ದರೆ ಮಲ್ಲೇಶ್ವರದ ದೋಸೆಯ ನಾಲ್ಕನೇ ಲೇಖನ ತಯಾರಾಗಿ ಕೂತಿದೆ.