ತಂಡದ ವೆಬ್‌ಸೈಟ್ ಬಗ್ಗೆ ಪುಟ್ಟಿಗೆ

ಕುವೆಂಪುನಗರ, ಮೈಸೂರು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೂಳೆ ಕಬ್ಬಿನ (ಕಟಾವಾದ ಬುಡದಿಂದ ಮತ್ತೆ ಚಿಗುರೋ ಬೆಳೆ) ಪ್ರಯೋಗದ ಲೆಕ್ಕವನ್ನೆಲ್ಲ ತಂಡದವರ ಜೊತೆ ಹಂಚಿಕೊಳ್ಳೋಕೆ ವೆಬ್‌ಸೈಟ್ ಮಾಡ್ತಿದ್ದೀಯ ಅಂತ ತಿಳಿದು ಸಂತೋಷವಾಯ್ತು. ಬಣ್ಣ, ಲೋಗೊ ಆಮೇಲಾಗಲಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಬದುವಿನ ಮೇಲೆ ನಿಂತು ಮೊಬೈಲ್ ತೆಗೆದ ಹುಡುಗನಿಗೆ ಬೇಕಾದ ಫೈಲು ಎರಡು ಸಲ ಒತ್ತುವುದರೊಳಗೆ ಸಿಗಬೇಕು, ಅದೇ ಇತ್ತೀಚಿನದು ಅಂತ ನಂಬಿಕೆಯೂ ಬರಬೇಕು. ಮೊದಲ ಪುಟದಲ್ಲಿ ತಂಡದ ಫೋಟೊ, ಸ್ವಾಗತದ ಮಾತು ಬೇಡ. ಯಾವ ಫೈಲು, ಯಾವತ್ತು ಬದಲಾಯ್ತು, ಯಾರು ಬದಲಾಯಿಸಿದರು, ಯಾಕೆ ಅನ್ನೋ ಪಟ್ಟಿ ಸಾಕು.

ಫೈಲಿನ ಹೆಸರು 2025-03-14 ಅಂತ ವರ್ಷದಿಂದ ಶುರುವಾಗಲಿ. ಆಗ ತಾನಾಗೇ ತಾರೀಖಿನ ಪ್ರಕಾರ ಸಾಲಾಗಿ ನಿಲ್ಲುತ್ತೆ. ‘ಫೈನಲ್’, ‘ಹೊಸ ಫೈನಲ್’ ಅನ್ನೋ ಹೆಸರುಗಳಿಗೆ ಜಾಗವೇ ಕೊಡಬೇಡ.

ಹೆಚ್ಚು ಹಾಳಾಗೋದು ಎಕ್ಸೆಲ್‌ನಲ್ಲಿ. ಮೂರನೇ ಸಾಲಿನ ನಾಲ್ಕನೇ ತಾಕನ್ನು 3-4 ಅಂತ ಬರೆದರೆ ಅದು ತಾರೀಖಾಗಿ ಕೂತುಬಿಡುತ್ತೆ. ಹಾಗೇ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಫೈಲು) ಆಗಿ ಉಳಿಸಿದರೆ ಬರೆದಿದ್ದೇನು ಅಂತ ಆಮೇಲೆ ಗೊತ್ತಾಗೋದಿಲ್ಲ. ‘ಸಾ3ತಾ4’ ಅಂತ ಅಕ್ಷರ ಸೇರಿಸಿ ಬರೆಯಿರಿ. ಬ್ರಿಕ್ಸ್ (ಕಬ್ಬಿನ ರಸದ ಸಿಹಿಯ ಅಳತೆ) ಅಳೆಯದ ಕಡೆ 0 ಹಾಕಲೇಬೇಡಿ, ಖಾಲಿ ಬಿಡಿ. 18, 20ರ ಸರಾಸರಿ 19. ಪಕ್ಕದಲ್ಲೊಂದು 0 ಸೇರಿದರೆ 12.7ಕ್ಕೆ ಇಳಿಯುತ್ತೆ, ಒಳ್ಳೇ ತಳಿಗೆ ಸುಮ್ಮನೆ ಕೆಟ್ಟ ಹೆಸರು. ಉಳಿಸುವಾಗ ಯುಟಿಎಫ್-8 ಅಂತಿರೋ ಸಿಎಸ್‌ವಿಯನ್ನೇ ಆರಿಸಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಬಹುದು.

ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಟಿಪ್ಪಣಿಗಳನ್ನು ಯೂನಿಕೋಡ್‌ಗೆ ಬದಲಾಯಿಸದೆ ಏರಿಸಬೇಡ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಗುರುತುಗಳು ಕಾಣುತ್ತೆ, ‘ಕೂಳೆ’ ಅಂತ ಹುಡುಕಿದರೂ ಸಿಗೋದಿಲ್ಲ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತನ್ನು ಒಮ್ಮೆ ಕಣ್ಣಾರೆ ಓದಿ ನೋಡು. ಸಾಲಿನ ಎತ್ತರ ಅಕ್ಷರದ ಗಾತ್ರದ 1.6ರಷ್ಟಾದರೂ ಇರಲಿ, ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

ರೈತರ ಫೋನ್ ನಂಬರು, ಸರ್ವೆ ನಂಬರು ಇರೋ ಫೈಲಿಗೆ ಪಾಸ್‌ವರ್ಡ್ ಇರಲೇಬೇಕು. ಲಿಂಕ್ ಯಾರಿಗೂ ಹೇಳಿಲ್ಲ ಅನ್ನೋದು ಬೀಗ ಅಲ್ಲ, ಮಗಳೇ. ಅವರು ನಿಮ್ಮನ್ನು ನಂಬಿ ಕೊಟ್ಟಿದ್ದು. ತಂಡ ಬಿಟ್ಟುಹೋದವರ ಲಾಗಿನ್ ಅವತ್ತೇ ತೆಗೆದುಹಾಕು.

ಪ್ರಬಂಧ ಪ್ರಕಟವಾದ ಮೇಲೆ ಅದರ ದತ್ತಾಂಶವನ್ನು ಜೆನೊಡೊದಂಥ ಭಂಡಾರದಲ್ಲಿಟ್ಟು ಡಿಒಐ (ದತ್ತಾಂಶಕ್ಕೆ ಸಿಗೋ ಶಾಶ್ವತ ಗುರುತಿನ ಸಂಖ್ಯೆ) ತಗೊಳ್ಳಿ. ಡೊಮೇನ್ ಹಣ ಕಟ್ಟೋದು ಮರೆತರೆ ನಿಮ್ಮ ಸೈಟು ಕಾಣೆಯಾಗುತ್ತೆ, ಡಿಒಐ ಉಳಿಯುತ್ತೆ.

ಎಲ್ಲ ಮುಗಿದ ಮೇಲೆ ತಂಡದಲ್ಲಿಲ್ಲದ ಒಬ್ಬರ ಕೈಗೆ ಮೊಬೈಲ್ ಕೊಟ್ಟು ‘ಮಾರ್ಚ್ ತಿಂಗಳ ಬ್ರಿಕ್ಸ್ ಹುಡುಕಿ’ ಅನ್ನು. ಬಾಯಿ ಬಿಡಬೇಡ. ಅವರ ಬೆರಳು ಎಲ್ಲಿ ತಡವರಿಸುತ್ತೆ ನೋಡಿ ಅಲ್ಲಿ ತಿದ್ದು.

ಇಂತಿ,
ನಿನ್ನ ದೊಡ್ಡಪ್ಪ