ಶನಿವಾರ ಸಂಜೆಯ ಲಾಂಗ್ ಎಕ್ಸ್‌ಪೋಶರ್ ಪ್ರಯೋಗಕ್ಕೆ ಮುಂಚೆ

ಎಲ್ಲರಿಗೂ ನಮಸ್ಕಾರ. ಲಾಂಗ್ ಎಕ್ಸ್‌ಪೋಶರ್ ಅಂದರೆ ಕ್ಯಾಮೆರಾದ ಶಟರ್ ಹೆಚ್ಚು ಹೊತ್ತು ತೆರೆದಿಟ್ಟು ಫೋಟೋ ತೆಗೆಯುವುದು. ಸೂರ್ಯ ಮುಳುಗುವ ಮೊದಲೇ ಟ್ರೈಪಾಡ್ ನಿಲ್ಲಿಸಿರಿ. ಮುಳುಗಿದ ಮೇಲೆ ಆಕಾಶದಲ್ಲಿ ನೀಲಿ ಉಳಿದಿರುವ ಆ ಸ್ವಲ್ಪ ಹೊತ್ತೇ ಚೆಂದ. ಪೂರ್ತಿ ಕತ್ತಲಾದರೆ ದೀಪ ಬಿಟ್ಟು ಮಿಕ್ಕಿದ್ದೆಲ್ಲ ಬರೀ ಕಪ್ಪು.

ಶುರುವಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಬೆಳಕು ಒಳಬರುವ ಲೆನ್ಸ್‌ನ ಕಿಂಡಿ) ಎಫ್ 8, ಶಟರ್ 8 ಸೆಕೆಂಡ್ ಇಟ್ಟು ನೋಡಿ. ಗಾಡಿಗಳ ಬೆಳಕಿನ ಗೆರೆ ಅರ್ಧಕ್ಕೇ ತುಂಡಾದರೆ 15 ಸೆಕೆಂಡ್‌ಗೆ ಏರಿಸಿ. ಆಗ ಬೆಳಕು ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ, ಅದಕ್ಕೆ ಅಪರ್ಚರ್ ಕಿರಿದಾಗಿಸಿ ಎಫ್ 11 ಮಾಡಿ.

ನಡೆಯುವವರ ಫೋಟೋಗೆ ಮಾತ್ರ ಇಷ್ಟು ಸೆಕೆಂಡ್ ತೀರಾ ಜಾಸ್ತಿ. ಅಷ್ಟು ಹೊತ್ತಿನಲ್ಲಿ ಜನ ಫೋಟೋದಿಂದಲೇ ಮಾಯವಾಗಿಬಿಡುತ್ತಾರೆ! ನನಗೆ ಇಷ್ಟ ಅರ್ಧ ಸೆಕೆಂಡ್. ಮೈ, ಕೈ ಎಲ್ಲ ಹೊಗೆಯ ಹಾಗೆ ಕಲಸಿಹೋಗಿ, ನೆಲಕ್ಕೆ ಊರಿದ ಪಾದವೊಂದು ಸ್ಪಷ್ಟವಾಗಿ ನಿಲ್ಲುತ್ತದೆ. ಹತ್ತು ಸಲ ತೆಗೆದರೆ ಒಂದು ಸಿಗಬಹುದು, ಬೇಜಾರು ಮಾಡ್ಕೋಬೇಡಿ.

2 ಸೆಕೆಂಡ್ ಟೈಮರ್ ಹಾಕಲು ಮರೆಯಬೇಡಿ. ಕಳೆದ ಸಲ ನಾನು ಸುಮ್ನೆ ಬೆರಳಲ್ಲೇ ಒತ್ತಿದೆ, ಕ್ಯಾಮೆರಾ ಅಲುಗಿ ಬೀದಿದೀಪಗಳಿಗೆಲ್ಲ ಸಣ್ಣ ಬಾಲ ಬಂದಿತ್ತು. ಟ್ರೈಪಾಡ್ ಮೇಲಿದ್ದಾಗ ಲೆನ್ಸ್‌ನ ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸುವ ಸೆಟ್ಟಿಂಗ್) ಆಫ್ ಇರಲಿ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ (ಫೋಟೋದಲ್ಲಿ ಬರುವ ಬೇಡದ ಚುಕ್ಕೆಗಳನ್ನು ಕಡಿಮೆ ಮಾಡುವ ಸೆಟ್ಟಿಂಗ್) ಆನ್ ಇದ್ದರೆ, 15 ಸೆಕೆಂಡ್ ಫೋಟೋ ಆದಮೇಲೆ ಕ್ಯಾಮೆರಾ ಇನ್ನೂ 15 ಸೆಕೆಂಡ್ ಸುಮ್ಮನಿರುತ್ತದೆ. ಕೆಟ್ಟಿಲ್ಲ, ಕಾಯಿರಿ.

ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಇನ್ನೊಂದು ತನ್ನಿ. ಓಡಾಡುವವರ ದಾರಿಗೆ ಟ್ರೈಪಾಡ್ ಕಾಲು ಅಡ್ಡ ಇಡಬೇಡಿ. ರಾತ್ರಿ ಫೋಟೋ ಹಾಕುವಾಗ ಸೆಟ್ಟಿಂಗೂ ಬರೆಯಿರಿ, ಕೆಟ್ಟು ಬಂದವನ್ನೂ ಹಾಕಿ.