ಕೈಪಿಡಿ ಓದುವುದನ್ನೂ ಕಲಿಸಿ

ಮಾನ್ಯರೇ,

ನಾನು ಪಾಲಿಟೆಕ್ನಿಕ್‌ನಲ್ಲಿ ಲಿನಕ್ಸ್ ಕಲಿಸುತ್ತೇನೆ. ದೂರದಿಂದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಸರ್ವರ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಲು ತುಂಬಾ ಜನ ಅದರ ಕಾನ್ಫಿಗರೇಷನ್ (ಸೆಟ್ಟಿಂಗ್) ಫೈಲಿನ ಕೊನೆಗೆ ಒಂದು ಸಾಲು ಸೇರಿಸಿ ಸುಮ್ಮನಾಗುತ್ತಾರೆ. ಕೊನೆಗೆ ಬರೆದದ್ದೇ ನಡೆಯುತ್ತದೆ ಎಂಬ ನಂಬಿಕೆ. ಆದರೆ ಕೈಪಿಡಿಯಲ್ಲಿರುವುದು ಉಲ್ಟಾ: ಮೊದಲು ಸಿಕ್ಕಿದ್ದೇ ಲೆಕ್ಕಕ್ಕೆ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಂತೂ ಬೇರೆ ಫೈಲುಗಳನ್ನು ಎಳೆದುಕೊಳ್ಳುವ ಸಾಲು ಶುರುವಿನಲ್ಲೇ ಇರುತ್ತದೆ. ಆ ಫೈಲುಗಳಲ್ಲಿ ಪಾಸ್‌ವರ್ಡ್ ಲಾಗಿನ್‌ಗೆ 'ಯೆಸ್' ಇದ್ದರೆ ಕೆಳಗಿನ 'ನೋ' ದಂಡ. ಸರ್ವರ್ ಭದ್ರವಾಯಿತು ಅಂದುಕೊಳ್ಳುತ್ತೇವೆ, ಆಗಿರುವುದಿಲ್ಲ. ಇದು ಸಣ್ಣ ವಿಷಯವೇ ಅಲ್ಲ.

ಅದೇ ಫೈಲಿನಲ್ಲಿ ಹ್ಯಾಷ್ (#) ಗುರುತಿನಿಂದ ಶುರುವಾಗುವ ಸೆಟ್ಟಿಂಗ್ ಸಾಲನ್ನು 'ಆಫ್' ಎಂದು ಓದುವವರೂ ಇದ್ದಾರೆ. ಅದು ಸಾಮಾನ್ಯವಾಗಿ ಡೀಫಾಲ್ಟ್, ಅಂದರೆ ನಾವೇನೂ ಬರೆಯದಿದ್ದರೆ ನಡೆಯುವ ಸೆಟ್ಟಿಂಗ್, ಏನೆಂದು ತೋರಿಸುವ ಸಾಲು.

ನಮ್ಮ ಲ್ಯಾಬ್‌ಗಳಲ್ಲಿ ಕಮ್ಯಾಂಡ್ ಬಾಯಿಪಾಠ ಜಾಸ್ತಿ. ಪಠ್ಯಕ್ರಮ ರೂಪಿಸುವವರು ಕೈಪಿಡಿ ಓದಿಸುವುದಕ್ಕೂ ಒಂದಿಷ್ಟು ಲ್ಯಾಬ್ ಸಮಯ ಕೊಡಲಿ. ಅದಕ್ಕೆ ಹೊಸ ಕಂಪ್ಯೂಟರೂ ಬೇಡ, ಹಣವೂ ಬೇಡ.

– ಲಿನಕ್ಸ್ ಶಿಕ್ಷಕಿ, ಹಾಸನ